ಹಾಯಿಕಂಬದ ಜರಿರುಮಾಲು

"ಗುರುಗಳೇ, ಮಠದ ಕೆರೆಯ ಹೂಳೆತ್ತಲು ಜನರನ್ನು ಎರಡು ತಂಡ ಮಾಡಿದ್ದೇನೆ. ಆದರೂ ಕೆಲಸ ತೆವಳುತ್ತಿದೆ. ಅವರ ನಡುವೆ ಪಂದ್ಯ ಕಟ್ಟಿದರೆ ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಮಣ್ಣು ಸೋಕದ ಅವನ ಕೈಗಳನ್ನು ನೋಡಿ ನಕ್ಕರು. "ಕೂತುಕೋ" ಎಂದು ಕತೆ ಹೇಳಿದರು.

ಒಂದು ಬಂದರಿಗೆ ಅಕ್ಕಿ ತುಂಬಿದ ಹಡಗು ಬಂತು. ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಅದರ ಎಡ ಮಗ್ಗುಲಿನ ಹಲಗೆ ಸೀಳಿತ್ತು. ಸೀಳು ನೀರಿಗಿಂತ ಒಂದು ಗೇಣು ಮೇಲಿತ್ತು, ಅಷ್ಟೇ ಪುಣ್ಯ. ಸಂಜೆ ಗಾಳಿ ಏಳುವುದರೊಳಗೆ ಸರಕು ಇಳಿಸಿದರೆ ಹಡಗು ಹಗುರಾಗಿ ಮೇಲೇಳುತ್ತದೆ. ಇಲ್ಲದಿದ್ದರೆ ಅಕ್ಕಿಯ ಸಮೇತ ಮುಳುಗುತ್ತದೆ. ಹಡಗು ನಡೆಸುವ ತಾಂಡೇಲನಿಗೆ ಬದುಕೆಂದು ಇದ್ದದ್ದು ಅದೊಂದೇ.

ಬಂದರಿನ ಅಧಿಕಾರಿ ಹಮಾಲರನ್ನು ಎರಡು ತಂಡ ಮಾಡಿದ. ಬಲ ಮಗ್ಗುಲಿನ ಮೂಟೆಗಳು ಒಂದು ತಂಡಕ್ಕೆ, ಎಡ ಮಗ್ಗುಲಿನವು ಇನ್ನೊಂದಕ್ಕೆ. "ಮೊದಲು ಮುಗಿಸಿದ ತಂಡದ ಮೇಸ್ತ್ರಿಗೆ ಈ ಜರಿರುಮಾಲು" ಎಂದು ಎತ್ತಿ ತೋರಿಸಿ, ದಡದಲ್ಲಿ ಕೊಡೆ ಹಿಡಿದು ನಿಂತ.

ಹಮಾಲರು ಮೈಮುರಿದು ದುಡಿದರು. ಎಡಗಡೆಯ ಮೂಟೆಗಳು ಸೀಳಿನಿಂದ ಚಿಮ್ಮಿದ ನೀರಿಗೆ ನೆನೆದಿದ್ದವು, ಒಂದೊಂದೂ ಹೆಣಭಾರ. ಬಲಗಡೆಯವರು ಮುಂದಾದರು. ಮಧ್ಯಾಹ್ನದ ಹೊತ್ತಿಗೆ ಅವರ ಪಾಲು ಮುಕ್ಕಾಲು ಖಾಲಿ. ಅಧಿಕಾರಿ ದಡದಿಂದಲೇ "ಭಲೇ! ಇನ್ನೂ ಜೋರು!" ಎಂದು ಕೂಗಿದ.

ಆಗ ಬಲಗಡೆಯ ಮೇಸ್ತ್ರಿಗೆ ಕಾಲಡಿಯ ಹಲಗೆ ವಾಲಿದ್ದು ತಿಳಿಯಿತು. ಹೊತ್ತ ಮೂಟೆಯನ್ನು ಅಲ್ಲೇ ಇಳಿಸಿ, ಎಡಕ್ಕೆ ಓಡಿ ಬಗ್ಗಿ ನೋಡಿದ. ಸೀಳಿಗೂ ನೀರಿಗೂ ನಡುವೆ ಗೇಣಿದ್ದದ್ದು ನಾಲ್ಕು ಬೆರಳಿಗೆ ಬಂದಿತ್ತು. ತಾವು ಗೆದ್ದಷ್ಟೂ ಹಡಗು ಎಡಕ್ಕೆ ಮಲಗುತ್ತಿದೆ! ತನ್ನವರನ್ನು ಕರೆದು ಎಡಗಡೆಯ ಮೂಟೆಗೆ ಕೈ ಹಾಕಿದ.

"ನಮ್ಮ ಮೂಟೆ ಮುಟ್ಟಬೇಡ. ಸೋತರೆ ನಾವೇ ಸೋಲುತ್ತೇವೆ" ಎಂದು ಎಡಗಡೆಯ ಮೇಸ್ತ್ರಿ ಅಡ್ಡ ನಿಂತ.

"ರುಮಾಲು ನೀನೇ ಸುತ್ತಿಕೋ ಮಾರಾಯ. ಮೊದಲು ಹಡಗು ನೆಟ್ಟಗಾಗಲಿ. ಇಲ್ಲಿ ಬಗ್ಗಿ ನೋಡು."

ಅವನು ಬಗ್ಗಿ ನೋಡಿದ. ಮೂಟೆಯ ಇನ್ನೊಂದು ತುದಿ ಹಿಡಿದ.

ಹಡಗು ನೆಟ್ಟಗಾಗುವವರೆಗೆ ಎಲ್ಲರೂ ಎಡಗಡೆಯನ್ನೇ ಇಳಿಸಿದರು. ಆಮೇಲೆ ಬಲದಿಂದೊಂದು, ಎಡದಿಂದೊಂದು. ಒಂದೇ ಸಾಲು, ಒಂದೇ ಕೂಗು. ಗಾಳಿ ಏಳುವ ಹೊತ್ತಿಗೆ ಕೊನೆಯ ಮೂಟೆ ದಡ ಸೇರಿತು. ಹಡಗು ಮೇಲೆದ್ದು ನಿಂತಿತು. ಸೀಳು ನೀರಿನಿಂದ ಎರಡು ಮೊಳ ಮೇಲೆ. ತಾಂಡೇಲ ಅತ್ತ, ನಕ್ಕ, ಕೈಗೆ ಸಿಕ್ಕವರನ್ನೆಲ್ಲ ಅಪ್ಪಿಕೊಂಡ. ಇಡೀ ಬಂದರೇ ಕುಣಿಯಿತು.

ಅಧಿಕಾರಿ ರುಮಾಲು ಹಿಡಿದು ಬಂದು, "ಗೆದ್ದವರು ಯಾರು?" ಎಂದ. ಮೇಸ್ತ್ರಿಗಳಿಬ್ಬರೂ ರುಮಾಲನ್ನು ಅವನ ಕೈಯಿಂದ ತೆಗೆದುಕೊಂಡು ಹಾಯಿಕಂಬದ ತುದಿಗೆ ಕಟ್ಟಿದರು. ಅದು ಸಂಜೆಯ ಗಾಳಿಗೆ ಪಟಪಟನೆ ಹಾರಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಆದರೂ ಗುರುಗಳೇ, ನಿಜಕ್ಕೂ ಗೆದ್ದವರು ಯಾರು?"

"ಅಂದು ಈ ಪ್ರಶ್ನೆ ಕೇಳಿದವನೂ ಒಂದೂ ಮೂಟೆ ಹೊತ್ತಿರಲಿಲ್ಲ, ಮಗೂ."