ಗುರಿಪಟ್ಟಿಯ ಬೆನ್ನು

ಕೊಡಗಿನ ಬೋಪಣ್ಣನವರ ಬಳಿ ಅಜ್ಜನ ಕಾಲದ ಕೋವಿಯೊಂದಿತ್ತು. ಅದರ ಮೇಲೊಂದು ಗುರಿಪಟ್ಟಿ. ಗುರಿಪಟ್ಟಿ ಎಂದರೆ ಗುರಿ ನೋಡಲು ಎತ್ತಿ ನಿಲ್ಲಿಸುವ ಕಬ್ಬಿಣದ ಚಿಕ್ಕ ಪಟ್ಟಿ. ಅದನ್ನು ಬೀಳದಂತೆ ಒತ್ತಿ ಹಿಡಿಯಲು ಅಡಿಯಲ್ಲೊಂದು ಪುಟ್ಟ ಸ್ಪ್ರಿಂಗ್ ಇತ್ತು. ಅಡಿಯಲ್ಲಿ ಇದ್ದುದರಿಂದಲೇ ಅದು ಯಾರಿಗೂ ಕಾಣುತ್ತಿರಲಿಲ್ಲ.

ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹೊರಡುವಾಗ ಬೋಪಣ್ಣನವರ ಹೆಂಡತಿ ಚೋಂದಮ್ಮ, "ಈ ಸಲವೂ ತಪ್ಪಿದರೆ ಈ ಕೋವಿಯನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿ ಅದಕ್ಕೆ ಕೊಡೆ ನೇತುಹಾಕುತ್ತೇನೆ, ನೋಡಿ!" ಎಂದರು.

ಗುರಿಪಟ್ಟಿ ನಕ್ಕಿತು. "ನಾನಿರುವಾಗ ತಪ್ಪುವುದುಂಟೇ? ಎಲೋ ಸ್ಪ್ರಿಂಗೇ, ನನ್ನ ಬೆನ್ನು ಮುಟ್ಟಬೇಡ. ಜನ ನೋಡುತ್ತಾರೆ."

"ಅಪ್ಪಣೆ," ಎಂದು ಸ್ಪ್ರಿಂಗ್ ಸಡಿಲವಾಯಿತು. ಅಂದರೆ, ಒತ್ತುವುದನ್ನು ಬಿಟ್ಟಿತು.

ಪಂದ್ಯದ ಮೈದಾನದಲ್ಲಿ ಬೋಪಣ್ಣ ಕೋವಿ ಎತ್ತಿದರು. ಪಟ್ಟಿ ದೊಪ್ಪನೆ ಮಲಗಿತು. ನಿಲ್ಲಿಸಿದರು, ಮತ್ತೆ ಮಲಗಿತು.

"ಪಟ್ಟಿಗೆ ಹಬ್ಬದ ಊಟ ಜಾಸ್ತಿಯಾಯಿತೇನೋ, ಪಾಪ!" ಎಂದರು ಜೊತೆಗೆ ಬಂದಿದ್ದ ಚೋಂದಮ್ಮ. ಜನ ಗೊಳ್ಳೆಂದು ನಕ್ಕರು.

"ತಮ್ಮಾ, ಒತ್ತು!" ಪಟ್ಟಿ ಪಿಸುಗುಟ್ಟಿತು.

"ಬೆನ್ನು ಮುಟ್ಟಬೇಡ ಎಂದು ಅಪ್ಪಣೆಯಾಗಿದೆಯಲ್ಲ?"

"ಹಾಗೆಂದದ್ದು ನಾನಲ್ಲ, ನನ್ನ ಬೆನ್ನು. ಅದಕ್ಕೆ ಬುದ್ಧಿ ಕಡಿಮೆ. ನಾನು ಕೊಡೆ ಹೊರಲಾರೆ, ಒತ್ತಪ್ಪಾ!"

ಸ್ಪ್ರಿಂಗ್ ಒತ್ತಿತು. ಪಟ್ಟಿ ನೆಟ್ಟಗೆ ನಿಂತಿತು. ಬೋಪಣ್ಣ ಗುಂಡು ಹೊಡೆದರು. ಕಾಯಿ ಚೂರುಚೂರಾಯಿತು.

"ಆಹಾ, ಎಂಥ ಗುರಿ!" ಎಂದು ಜನ ಕೂಗಿದರು.

"ಎಲ್ಲ ನನ್ನ..." ಎಂದು ಪಟ್ಟಿ ಎದೆಯುಬ್ಬಿಸಿತು. ಸ್ಪ್ರಿಂಗ್ ಒಂದಿಷ್ಟು ಸಡಿಲವಾಯಿತು. ಪಟ್ಟಿ ಗಡಗಡ ಅಲುಗಾಡಿತು.

"...ತಮ್ಮನ ದಯೆ," ಎಂದು ಬೇಗ ಬೇಗ ಮಾತು ಮುಗಿಸಿತು.