ಹಳ್ಳದ ಬಳಿ ನಿಂತ ಕುದುರೆ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಒಂದು ತಪ್ಪನ್ನು ಬಿಟ್ಟು ವರ್ಷವಾಯಿತು. ಆದರೂ ಯಾರಾದರೂ ಅದನ್ನು ನೆನಪಿಸಿದರೆ ನನಗೆ ನಾಚಿಕೆಗಿಂತ ಮೊದಲು ಕೋಪ ಬರುತ್ತದೆ. ಏಕೆ?”

ಗುರುಗಳು ಹೇಳಿದರು:

ಕುದುರೆಗಾಡಿಯಲ್ಲಿ ಮನೆಮನೆಗೆ ಹಾಲು ಕೊಡುತ್ತಿದ್ದ ಕಾಲ. ಒಬ್ಬ ಹಾಲಿನವನು ಪ್ರತಿದಿನ ಬೆಳಿಗ್ಗೆ ಹಳ್ಳಿಯಿಂದ ಪೇಟೆಗೆ ಗಾಡಿ ಹೊಡೆಯುತ್ತಿದ್ದ. ದಾರಿಯಲ್ಲಿ ಒಂದು ಹಳ್ಳ. ಅಲ್ಲಿ ಗಾಡಿ ನಿಲ್ಲಿಸಿ, ಇಳಿದು, ನಾಲ್ಕು ಚೆಂಬು ನೀರನ್ನು ಹಾಲಿನ ಕ್ಯಾನಿಗೆ ಸುರಿದು ಮುಂದೆ ಹೋಗುತ್ತಿದ್ದ. ಹೀಗೆ ಎಂಟು ವರ್ಷ.

ಒಂದು ದಿನ ಪೇಟೆಯ ಮನೆಯೊಂದರಲ್ಲಿ, ಸಾಯುತ್ತಿದ್ದ ಹೆಂಡತಿಯ ಬಾಯಿಗೆ ಮುದುಕನೊಬ್ಬ ಇವನು ಕೊಟ್ಟ ಹಾಲನ್ನೇ ಹನಿಹನಿಯಾಗಿ ಬಿಡುವುದನ್ನು ಹಾಲಿನವನು ಕಂಡ. ಮರುದಿನದಿಂದ ನೀರು ಬೆರೆಸಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಆದರೆ ಕುದುರೆ ಹಳ್ಳದ ಬಳಿ ನಿಲ್ಲುವುದನ್ನು ಬಿಡಲಿಲ್ಲ. ಮೂಕಪ್ರಾಣಿಗೆ ಏನು ತಿಳಿಯುತ್ತದೆ ಎಂದು ಅವನು ಅದರ ಬೆನ್ನು ತಟ್ಟಿ, ಸ್ವಲ್ಪ ಹೊತ್ತು ಕಾದು ಹೊರಡಿಸುತ್ತಿದ್ದ.

ಹಾಗೆಯೇ ಒಂದು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಅವನಿಂದ ಹಾಲು ಕೊಳ್ಳುತ್ತಿದ್ದ ಪೇಟೆಯ ಹೆಂಗಸೊಬ್ಬಳು ದಾರಿಯಲ್ಲಿ ಸಿಕ್ಕಳು. ಕಂಕುಳಲ್ಲಿ ಮಗು. ಪೇಟೆಯವರೆಗೆ ಬರುತ್ತೇನೆಂದು ಗಾಡಿ ಹತ್ತಿದಳು. ಹಳ್ಳದ ಬಳಿ ಕುದುರೆ ನಿಂತಿತು.

“ಬಾಯಾರಿಕೆಯಾಗಿರಬೇಕು, ನೀರು ಕುಡಿಸಿ ಅಣ್ಣ” ಎಂದಳು.

ಅವನು ಲಗಾಮು ಸಡಿಲಿಸಿದ. ಕುದುರೆ ಕುಡಿಯಲಿಲ್ಲ. ಕತ್ತು ತಿರುಗಿಸಿ ಗಾಡಿಯ ಕಡೆ ನೋಡುತ್ತ ನಿಂತಿತು.

“ಕುಡಿಯುವುದಿಲ್ಲವಲ್ಲ. ದಿನವೂ ಇಲ್ಲಿ ನಿಲ್ಲುತ್ತದೆಯೇ?”

ಅವಳು ಸುಮ್ಮನೆ ಕೇಳಿದ ಮಾತು. ಅವನ ಮುಖ ಬಿಸಿಯಾಯಿತು. ಅಷ್ಟು ವರ್ಷ ಆ ಕುದುರೆಗೆ ಒಂದು ಏಟೂ ಹಾಕದವನು ಚಾಟಿ ಎತ್ತಿ ಹೊಡೆದ. ಮತ್ತೆ ಹೊಡೆದ. ಬೆನ್ನಿನ ಚರ್ಮ ಸುಲಿದುಹೋಯಿತು. ಕುದುರೆ ನಡುಗಿತು, ಕದಲಲಿಲ್ಲ. ಅಲ್ಲಿ ನಿಲ್ಲಬೇಕೆಂದು ಅದಕ್ಕೆ ಕಲಿಸಿದವನು ಅವನೇ.

ಮಗು ಅಳತೊಡಗಿತು. ಹೆಂಗಸು ಹಳ್ಳವನ್ನು ನೋಡಿದಳು, ಕ್ಯಾನನ್ನು ನೋಡಿದಳು.

“ನಿಮ್ಮ ಹಾಲು ನೀರಾಗಿದೆ ಎಂದು ಹಿಂದೆ ನೆರೆಮನೆಯವರು ಅಂದಿದ್ದರು. ನಮ್ಮ ಹಾಲಿನ ಅಣ್ಣ ಅಂಥವರಲ್ಲ ಎಂದು ನಾನು ಅವರೊಡನೆ ಜಗಳವಾಡಿ ಮಾತು ಬಿಟ್ಟೆ” ಎಂದಳು. “ಈ ವರ್ಷ ಹಾಲು ಚೆನ್ನಾಗಿದೆ. ಅದೂ ನನಗೆ ಗೊತ್ತು. ಆ ಪ್ರಾಣಿಯನ್ನು ಹೊಡೆಯಬೇಡಿ” ಎಂದು ಇಳಿದು, ಮಗುವನ್ನೆತ್ತಿಕೊಂಡು ನಡೆದೇ ಹೋದಳು.

ಅವನು ಚಾಟಿ ಕೆಳಗಿಟ್ಟ. ಆಮೇಲೆ ಹೆಗಲ ಮೇಲಿನ ವಸ್ತ್ರವನ್ನು ನೀರಿನಲ್ಲಿ ಅದ್ದಿ ಕುದುರೆಯ ಗಾಯ ಒರೆಸಿದ. ಗಾಡಿ ಹತ್ತದೆ, ಲಗಾಮು ಹಿಡಿದು ನಡೆದ. ಅಂದು ಪ್ರತಿ ಮನೆಯ ಬಾಗಿಲಲ್ಲಿ ಹಾಲು ಅಳೆಯುವ ಮೊದಲು ತಾನು ಎಂಟು ವರ್ಷ ಮಾಡಿದ್ದನ್ನು ಬಾಯಿಬಿಟ್ಟು ಹೇಳಿದ. ಕೆಲವರು ಪಾತ್ರೆ ಒಡ್ಡಿದರು. ಕೆಲವರು ಬಾಗಿಲು ಹಾಕಿಕೊಂಡರು. ಜಗಳವಾಡಿದ್ದ ಆ ಹೆಂಗಸು ನೆರೆಮನೆಗೆ ಹೋಗಿ ಕ್ಷಮೆ ಕೇಳಿದಳು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಎಲ್ಲರಿಗೂ ಹೇಳಿಕೊಂಡ ಮೇಲೆ ಅವನ ಮನಸ್ಸು ಹಗುರವಾಗಿರಬೇಕಲ್ಲವೇ?”

ಗುರುಗಳು ಹೇಳಿದರು: “ಮರುದಿನವೂ ಕುದುರೆ ಅಲ್ಲೇ ನಿಂತಿತು. ತಪ್ಪು ಬಿಟ್ಟೆನೆಂದು ಅದಕ್ಕೆ ಹೇಳುವುದು ಹೇಗೆಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.”