ಸಣ್ಣೀರ ಮೇಷ್ಟ್ರು ಉಸಿರಾಟದ ಪಾಠ ಮಾಡಿದ್ದು

ಎಲೆ ಅಡಿಕೆ ಆಮೇಲೆ ಹಾಕ್ಕಳೋರಂತೆ. ಮೊದಲು ಬಾಯಿ ಖಾಲಿ ಇಟ್ಕಂಡು ಕೇಳಿ, ನಗೋಕೆ ಬೇಕಾಯ್ತದೆ. ಒಂದೂರಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳು. ಸ್ಕೂಲಲ್ಲಿ ಬಿಸಿಯೂಟ ಬೇಯಿಸೋಳು. ಅವಳಿಗೆ ಒಬ್ಬನೇ ಮಗ, ಸಣ್ಣೀರ. ಆಳು ನೋಡಿದ್ರೆ ಆನೆ, ಬುದ್ಧಿ ನೋಡಿದ್ರೆ ಸೊನ್ನೆ. ಆದ್ರೆ ಪುಸ್ತಕ ಕೊಟ್ರೆ ಒಂದಕ್ಷರ ಬಿಡದಂಗೆ ಬಾಯಿಪಾಠ! ಹಂಗೇ ಬಾಯಿಪಾಠ ಮಾಡ್ಕಂಡು ಪರೀಕ್ಷೆ ಎಲ್ಲ ಪಾಸಾಗಿ, ಅದೇ ಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿಬಿಟ್ಟ. ಈಗಲೇ ನಗಬೇಡಿ, ಇನ್ನೂ ಐತೆ.

ಕೆಲಸ ಕಾಯಂ ಅಲ್ಲ. ಗುರುವಾರ ಇಲಾಖೆಯಿಂದ ತಪಾಸಣೆ ಸಾಹೇಬರು ಬಂದು, ಏಳನೇ ಕ್ಲಾಸಿಗೆ ಉಸಿರಾಟದ ಪಾಠ ಹೆಂಗೆ ಮಾಡ್ತಾನೆ ಅಂತ ನೋಡ್ತಾರೆ. ಒಪ್ಪಿ ಸಹಿ ಹಾಕಿದ್ರೆ ಕೆಲಸ ಉಳೀತು, ಇಲ್ಲಾಂದ್ರೆ ಮನೆಗೆ. ಚಿಕ್ಕತಾಯಮ್ಮಂಗೆ ಅನ್ನ ಸೇರದು. "ಇದೂ ಹೋದ್ರೆ ನಿನ್ನನ್ನ ಇನ್ಯಾರು ಕರೆದು ಕೆಲಸ ಕೊಟ್ಟಾರೋ ನನ್ನಪ್ಪಾ!" ಅಂತ ಅತ್ತಳು.

ಸೋಮವಾರ ಹೆಡ್‌ಮೇಡಂ ಅಂದ್ರು: "ಬರೀ ಬಾಯಲ್ಲಿ ಹೇಳಿದ್ರೆ ಸಾಲದು ಮೇಷ್ಟ್ರೇ, ತೋರಿಸಿ ಹೇಳಬೇಕು. ಬಾಟ್ಲಿ ಒಳಗೆ ಎರಡು ಬಲೂನು ಇಳಿಬಿಟ್ರೆ ಅದೇ ಶ್ವಾಸಕೋಶ. ಹೋಗಿ ಬಲೂನು ತನ್ನಿ."

ಅವ್ವ ಅಂದಳು: "ತೂತು ಗೀತು ಇದ್ದಾತು ಮಗ, ಊದಿ ನೋಡಿ ತಗಾ."

"ಹಂಗೇ ಮಾಡ್ತೀನವ್ವ!"

ಊದಿದ. ಒಂದು ಊದಿದ, ಎರಡು ಊದಿದ, ಪೊಟ್ಟಣದಲ್ಲಿದ್ದ ಐವತ್ತನ್ನೂ ಊದಿದ. ಗಂಟು ಬಿಗಿದ, ಎಲ್ಲಾ ತಬ್ಕಂಡು ಹೊರಟ. ದಾರಿ ಕಾಣ್ತದಾ? ಸೀದಾ ಜಾಲಿ ಬೇಲಿಗೆ ಹೋಗಿ ನುಗ್ಗಿದ. ಫಟ್! ಫಟ್! ಫಟ್! ಯಾರದೋ ಮದುವೆ ದಿಬ್ಬಣ ಬಂತು ಅಂತ ಊರೋರೆಲ್ಲ ಆಚೆಗೆ ಬಂದ್ರು.

"ಅಯ್ಯೋ ಪೆದ್‌ಮುಂಡೇದೇ!" ಅವ್ವ ಹಣೆ ಚಚ್ಕಂಡಳು. "ಗಾಳಿ ಎಲ್ಲ ಹಿಂಡಿ ತೆಗೆದು, ಮಡಚಿ, ಜೇಬಲ್ಲಿ ಇಟ್ಕಂಡು ಬರಬಾರದಾ?"

"ಮುಂದಿನ ಸಲ ಹಂಗೇ ಮಾಡ್ತೀನವ್ವ!"

ಮಂಗಳವಾರ ಹೆಡ್‌ಮೇಡಂ ಅಂದ್ರು: "ಹೋಗ್ಲಿ, ಮಟನ್ ಅಂಗಡಿಯಿಂದ ಕುರಿ ಶ್ವಾಸಕೋಶನೇ ತನ್ನಿ. ಊದಿದ್ರೆ ಹೆಂಗೆ ಉಬ್ತದೆ ಅಂತ ಮಕ್ಕಳು ನೋಡ್ಲಿ."

ತಂದ. ಹಿಂಡಿದ, ಮಡಚಿದ, ಹೊಸಾ ಬಿಳಿ ಅಂಗಿ ಜೇಬಿಗೆ ತುರುಕಿದ! ಅಂಗಿಯೆಲ್ಲ ಕೆಂಪು. ಹಿಂದೆ ನಾಯಿ, ನಾಯಿ ಹಿಂದೆ ನಾಯಿ. ಸ್ಕೂಲ್ ಗೇಟಿಗೆ ಬರೋ ಹೊತ್ತಿಗೆ ಜೇಬೂ ಇಲ್ಲ, ಶ್ವಾಸಕೋಶನೂ ಇಲ್ಲ.

"ನನ್ನ ಕರ್ಮವೇ! ಅಂಥದನ್ನ ನೀರಲ್ಲಿ ಉಜ್ಜುಜ್ಜಿ ತೊಳೆದು, ಬಾಳೆ ಎಲೆಲಿ ಕಟ್ಕಂಡು ಬರಬೇಕು ಕಣೋ!"

"ಮುಂದಿನ ಸಲ ಹಂಗೇ ಮಾಡ್ತೀನವ್ವ!"

ಬುಧವಾರ ಹೆಡ್‌ಮೇಡಂ ಪಕ್ಕದೂರಿನ ಸ್ಕೂಲಿಂದ ಉಸಿರಾಟದ ಚಾರ್ಟು ತರೋಕೆ ಕಳಿಸಿದ್ರು. ಇವನು ದಾರೀಲಿ ಕಾಲುವೆಗೆ ಇಳಿದ, ಚಾರ್ಟನ್ನ ಕಲ್ಲಿನ ಮೇಲೆ ಹಾಕಿ ಉಜ್ಜಿದ. ಮೂಗು ಹೋಯ್ತು, ಶ್ವಾಸನಾಳ ಹೋಯ್ತು. ಬಾಳೆ ಎಲೆ ಬಿಚ್ಚಿದ್ರೆ ಒಂದು ಹಿಡಿ ಒದ್ದೆ ಹಿಟ್ಟು!

ಚಿಕ್ಕತಾಯಮ್ಮ ಒಲೆ ಮುಂದೆ ಕುಸಿದು ಕೂತಳು. "ಅದನ್ನ ತೊಳೀತಾರಾ ಮಗಾ? ತಂದದ್ದನ್ನ ಗೋಡೆಗೆ ಹರವಿ, ನಾಲ್ಕೂ ಮೂಲೆಗೆ ಮೊಳೆ ಹೊಡೆದು, ಕೋಲಲ್ಲಿ ಇದು ಮೂಗು ಇದು ಎದೆ ಅಂತ ತೋರಿಸಬೇಕು. ಪಾಠ ಮುಗಿದ ಮೇಲೆ ನೆಟ್ಟಗೆ ಸುತ್ತಿ, ದಾರ ಕಟ್ಟಿ, ಬೀರುನಲ್ಲಿ ಇಡಬೇಕು."

"ಅಷ್ಟೇ ತಾನೇ? ಹಂಗೇ ಮಾಡ್ತೀನವ್ವ!"

ಗುರುವಾರ ಬಂತು. ಹೆಡ್‌ಮೇಡಂ ಅಂದ್ರು: "ಮೇಷ್ಟ್ರೇ, ಸಾಹೇಬರನ್ನ ಬಸ್ ಸ್ಟಾಪಿಂದ ಕ್ಲಾಸಿಗೆ ಕರ್ಕಂಡು ಬನ್ನಿ. ನಾನು ಕಾಫಿ, ಉಪ್ಪಿಟ್ಟು ನೋಡ್ತೀನಿ."

ತಂದ. ತಂದದ್ದನ್ನ ಏನು ಮಾಡಬೇಕು ಅಂತ ಅವ್ವ ಹೇಳಿಕೊಟ್ಟೇ ಇದ್ದಳಲ್ಲ! ಸಾಹೇಬರೋ ಸಣಕಲು. ಗೋಡೆಗೆ ಹರವಿದ. ಅಂಗಿಯ ಎರಡು ತೋಳಿಗೆ ಎರಡು, ಅಂಗಿ ಅಂಚಿಗೆ ಎರಡು, ಒಟ್ಟು ನಾಲ್ಕು ಮೊಳೆ. ಢಣ್! ಢಣ್! ಢಣ್! ಢಣ್!

"ಏಯ್! ಏನಯ್ಯಾ ಇದು! ಬಿಡೋ!"

"ನೋಡ್ರಪ್ಪಾ ಮಕ್ಕಳೇ!" ಸಣ್ಣೀರ ಕೋಲು ತಗಂಡ. "ಇದು ಮೂಗು, ಗಾಳಿ ಇಲ್ಲಿಂದ ಒಳಕ್ಕೆ. ಇದು ಗಂಟಲು, ಕೆಳಗೆ ಶ್ವಾಸನಾಳ. ಇದು ಎದೆ, ಹೆಂಗೆ ಉಬ್ತಾ ಐತೆ ನೋಡ್ರಿ! ಇಲ್ಲಿ ಪಕ್ಕೆ ಕೆಳಗೆ ಪರದೆ ಹಂಗಿರೋದು ವಪೆ, ಅದು ಇಳಿದ್ರೆ ಗಾಳಿ ಒಳಕ್ಕೆ, ಎದ್ರೆ ಹೊರಕ್ಕೆ. ಉಸಿರು ಎಣಿಸ್ರಿ!"

ನಲವತ್ತು ಮಕ್ಕಳೂ ಗಡಿಯಾರ ನೋಡ್ಕಂಡು ಎಣಿಸಿದ್ವು.

"ಮೂವತ್ತೆರಡು ಸಾ!"

"ಸುಮ್ಕೆ ಕೂತೋರಿಗೆ ನಿಮಿಷಕ್ಕೆ ಹದಿನೆಂಟು, ಸಿಟ್ಟು ಬಂದೋರಿಗೆ ಮೂವತ್ತೆರಡು. ಬರ್ಕಳ್ರಿ!"

ಸಾಹೇಬರು ಕೂಗ್ತಾರೆ, ಇವನು ತೋರಿಸ್ತಾನೆ. ಅವರು ಏದುಸಿರು ಬಿಡ್ತಾರೆ, ಮಕ್ಕಳು ಬರ್ಕಳ್ತಾರೆ. ಅಂಥಾ ಪಾಠ ಆ ಸ್ಕೂಲಲ್ಲಿ ಹಿಂದೆ ಆಗಿಲ್ಲ, ಮುಂದೆ ಆಗೋದೂ ಇಲ್ಲ ಬಿಡಿ. ಗಂಟೆ ಹೊಡೀತು.

ಹೆಡ್‌ಮೇಡಂ ಕಾಫಿ ಹಿಡ್ಕಂಡು ಬಂದ್ರು, ಹಿಂದೆ ಉಪ್ಪಿಟ್ಟು ಹಿಡ್ಕಂಡು ಚಿಕ್ಕತಾಯಮ್ಮ. ಬಾಗಿಲಲ್ಲೇ ನಿಂತು ಮೇಡಂ ಕೇಳಿದ್ರು: "ಮಕ್ಕಳೇ, ಉಸಿರಾಟ ಅರ್ಥ ಆಯ್ತಾ?"

"ವಪೆ ಕೆಳಕ್ಕಿಳಿದ್ರೆ ಗಾಳಿ ಒಳಕ್ಕೆ! ಮೇಲಕ್ಕೆದ್ರೆ ಗಾಳಿ ಹೊರಕ್ಕೆ!" ಸೂರು ಹಾರಿಹೋಗಬೇಕು, ಹಂಗೆ ಕೂಗಿದ್ವು.

ಚಿಕ್ಕತಾಯಮ್ಮನ ಕಣ್ಣಲ್ಲಿ ನೀರು ಬಂತು. ನನ್ನ ಮಗ ಗೆದ್ದ ಅಂದ್ಕಂಡಳು. ಆಮೇಲೆ ಅತ್ತಿತ್ತ ನೋಡಿದಳು. ಗೋಡೆ ಮೇಲೆ ನಾಲ್ಕು ಮೊಳೆ ಇದ್ವು, ಸಾಹೇಬರು ಬರ್ತಾರೆ ಅಂತ ನೆಲಕ್ಕೆ ಹಾಸಿದ್ದ ಜಮಖಾನ ಇರಲಿಲ್ಲ.

"ಮಗಾ, ಸಾಹೇಬ್ರೆಲ್ಲೋ?"

"ಜಮಖಾನದಲ್ಲಿ ನೆಟ್ಟಗೆ ಸುತ್ತಿ, ದಾರ ಕಟ್ಟಿ, ಬೀರುನಲ್ಲಿ ಇಟ್ಟಿದೀನವ್ವ! ಬಾಗಿಲು ಮಾತ್ರ ಒಂಚೂರು ತೆಗೆದಿದೀನಿ. ಗಾಳಿ ಬೇಡವಾ? ಉಸಿರಾಟದ ಪಾಠ ಮಾಡಿದೋನು ನಾನು, ಅಷ್ಟೂ ಗೊತ್ತಾಗಲ್ವಾ?"

ಬೀರು ಸಂದಿಯಿಂದ ಸಾಹೇಬರ ದನಿ ಬಂತು: "ಹೆಡ್‌ಮೇಡಂ, ಒಂದು ಕೈ ಬಿಚ್ಚಿ, ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ. ಮಕ್ಕಳು ಕಲ್ತಿದಾವೆ, ಇಲ್ಲ ಅನ್ನಲ್ಲ. ಆದ್ರೆ ನನ್ನನ್ನ ಬಸ್ ಹತ್ತಿಸೋಕೆ ಮಾತ್ರ ಇವನನ್ನ ಕಳಿಸಬೇಡಿ!"